ಅಮೆರಿಕದ ಮಹಿಳಾ ಕಾಲೇಜು ಸಾಕರ್‌ನಲ್ಲಿ ಹೊಸ ಆಟಗಾರ್ತಿಯರ ರ‍್ಯಾಂಕಿಂಗ್ ನೋಡಿ ತಂಡದ ಬಲವನ್ನು ಮೊದಲೇ ಅಳೆಯಬಹುದೇ?

ಭಾಗಶಃ ಮಾತ್ರ ಅಳೆಯಬಹುದು. ರ‍್ಯಾಂಕಿಂಗ್‌ಗಿಂತ ಮೊದಲು ನಾನು ನೋಡುವುದು, ಕಳೆದ ಋತುವಿನಲ್ಲಿ ಹೆಚ್ಚು ನಿಮಿಷ ಆಡಿದವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ, ಅದರಲ್ಲೂ ಗೋಲ್‌ಕೀಪರ್ ಬದಲಾಗಿದ್ದಾರೆಯೇ ಎಂಬುದನ್ನು. ಏಕೆಂದರೆ ಹೈಸ್ಕೂಲು ಮುಗಿಸಿ ಬಂದ ಹುಡುಗಿ ಎಷ್ಟೇ ಪ್ರತಿಭಾವಂತೆಯಾಗಿದ್ದರೂ, ಇಪ್ಪತ್ತೆರಡು ವರ್ಷದ ಡಿಫೆಂಡರ್ ಭುಜಕ್ಕೆ ಭುಜ ಕೊಟ್ಟು ತಳ್ಳಿದಾಗ ಚೆಂಡನ್ನು ಬಿಟ್ಟುಕೊಡದಿರಲು ಕಲಿಯುವುದಕ್ಕೆ ಅವಳಿಗೆ ಸಮಯ ಬೇಕು. ಬೇರೆ ಕಾಲೇಜಿನಲ್ಲಿ ಆಡಿ ವರ್ಗವಾಗಿ ಬಂದವರನ್ನು ಹೆಚ್ಚು ನೆಚ್ಚಬಹುದು. ಆದರೂ ಮೊದಲೇ ಹಾಕಿದ ಲೆಕ್ಕ ತಲೆಕೆಳಗಾಗಬಹುದು; 2024ರ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ತಂಡವನ್ನು ಮರೆಯಲಾಗದು: ದಶಕಗಳ ಕಾಲ ತಂಡವನ್ನು ಕಟ್ಟಿದ ಕೋಚ್ ಆ್ಯನ್ಸನ್ ಡೊರಾನ್ಸ್ ಋತು ಆರಂಭಕ್ಕೆ ಕೆಲವೇ ದಿನಗಳಿರುವಾಗ ನಿವೃತ್ತರಾದರು, ಹಂಗಾಮಿ ಕೋಚ್ ಡೇಮನ್ ನಹಾಸ್ ಅವರ ಕೈಯಲ್ಲಿ ಅದೇ ತಂಡ ಡಿಸೆಂಬರ್‌ನ ಫೈನಲ್‌ನಲ್ಲಿ ವೇಕ್ ಫಾರೆಸ್ಟ್ ತಂಡವನ್ನು 1-0 ಅಂತರದಲ್ಲಿ ಸೋಲಿಸಿ ತನ್ನ 22ನೇ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಪ್ರಶಸ್ತಿಯನ್ನು ಗೆದ್ದುಕೊಂಡಿತು.