ಅಮೆರಿಕದ ಅಜ್ಜಿಗೆ ಯಾವ ಉಡುಪು ಹೊಲಿಸಲಿ?

ಪ್ರಶ್ನೆ: ನಮ್ಮ ಹವ್ಯಾಸಿ ತಂಡ ಅಮೆರಿಕದ ನಾಟಕವೊಂದನ್ನು ಕನ್ನಡಕ್ಕೆ ತಂದು ಆಡಲಿದೆ. ಕಥೆ ನಡೆಯುವುದು 1953ರಲ್ಲಿ, ಒಂದು ಸಣ್ಣ ಊರಿನಲ್ಲಿ. ಅದರಲ್ಲಿ 68 ವರ್ಷದ ಅಜ್ಜಿಯ ಪಾತ್ರವಿದೆ. ನೆಟ್‌ನಲ್ಲಿ ಹುಡುಕಿದರೆ ಬರೀ ಸಣ್ಣ ಸೊಂಟ, ಕೊಡೆಯಂತೆ ಅರಳಿದ ಸ್ಕರ್ಟ್ ಹಾಕಿದ ಯುವತಿಯರೇ ಸಿಗುತ್ತಾರೆ. ಅಜ್ಜಿಗೂ ಅದನ್ನೇ ಹೊಲಿಸಬಹುದಾ? ಪ್ಯಾಂಟ್ ಹಾಕಿಸಿದರೆ ತಪ್ಪಾ?
– ಓದುಗರೊಬ್ಬರು, ಧಾರವಾಡ

ಉತ್ತರ: ದಯವಿಟ್ಟು ಆ ಕೊಡೆ ಸ್ಕರ್ಟ್ ಹೊಲಿಸಬೇಡಿ. ಅದು 1947ರಲ್ಲಿ ಪ್ಯಾರಿಸ್‌ನ ಕ್ರಿಸ್ಟಿಯನ್ ಡಿಯೋರ್ ತಂದ ಹೊಸ ಮೋಸ್ತರು. ಪತ್ರಿಕೆಗಳ ತುಂಬಾ ಅದೇ ಇತ್ತು, ನಿಜ. ಆದರೆ ಸಣ್ಣ ಊರಿನ ಅಜ್ಜಿಯ ಬೀರುವಿನಲ್ಲಿ ಇದ್ದದ್ದು ಬೇರೆ.

ಮೊದಲು ಅವಳ ವಯಸ್ಸಿನ ಲೆಕ್ಕ ಹಾಕಿ. 1953ರಲ್ಲಿ 68 ಅಂದರೆ ಹುಟ್ಟಿದ್ದು 1885ರ ಸುಮಾರಿಗೆ. ಅವಳು ಹುಡುಗಿಯಾಗಿದ್ದಾಗ ದೊಡ್ಡ ಹೆಂಗಸರ ಸ್ಕರ್ಟ್ ನೆಲ ಮುಟ್ಟುತ್ತಿತ್ತು, ಒಳಗೆ ಸೊಂಟವನ್ನು ಬಿಗಿಯುವ ಗಟ್ಟಿ ಒಳ ಉಡುಪು, ಅಂದರೆ ಕಾರ್ಸೆಟ್ ಇರುತ್ತಿತ್ತು. ಆಮೇಲೆ 1930ರ ದಶಕದ ಬಡತನ ನೋಡಿದಳು. ಎರಡನೇ ಮಹಾಯುದ್ಧ ಬಂದಾಗ, 1942ರಲ್ಲಿ, ಒಂದು ಉಡುಪಿಗೆ ಇಷ್ಟೇ ಬಟ್ಟೆ ಬಳಸಬೇಕೆಂದು ಸರ್ಕಾರವೇ ಮಿತಿ ಹಾಕಿತು. ಹೀಗೆ ಬದುಕಿದವಳು ಹತ್ತು ವರ್ಷದ ಹಳೆಯ ಉಡುಪನ್ನೂ ಸುಮ್ನೆ ಎಸೆಯುವುದಿಲ್ಲ, ಅಲ್ವಾ? ಹಾಗಾಗಿ ಅವಳ ಬಟ್ಟೆ 1953ರ ಮೋಸ್ತರಿಗಿಂತ ಸ್ವಲ್ಪ ಹಿಂದೆ ಇರಲಿ.

ಮನೆಯಲ್ಲಿ ಅವಳು ಹಾಕುವುದು ‘ಹೌಸ್ ಡ್ರೆಸ್’. ಹೆಸರು ಕೇಳಿ ನಮ್ಮ ನೈಟಿಯಂತೆ ಹೊಲಿಸಿಬಿಡುತ್ತಾರೆ. ನಾನು ತುಂಬಾ ಕಡೆ ಕಂಡ ತಪ್ಪು ಇದು. ಹೌಸ್ ಡ್ರೆಸ್‌ಗೆ ಕಾಲರ್ ಇರುತ್ತದೆ, ಮುಂದೆ ಗುಂಡಿಗಳ ಸಾಲು, ಸೊಂಟದಲ್ಲಿ ಹೊಲಿಗೆ, ಅದೇ ಬಟ್ಟೆಯ ಬೆಲ್ಟ್. ಉದ್ದ ಮೊಣಕಾಲಿನ ಕೆಳಗೆ, ಮೀನಖಂಡದ ನಡುವಿನವರೆಗೆ. ಬಟ್ಟೆ ತೊಳೆದು ತೊಳೆದು ಮೆತ್ತಗಾದ ಹತ್ತಿ, ಮೇಲೆ ಚಿಕ್ಕ ಚಿಕ್ಕ ಹೂವು. ಅದರ ಮೇಲೆ ಏಪ್ರನ್. ಏಪ್ರನ್‌ಗೆ ದೊಡ್ಡ ಜೇಬು ಮರೆಯಬೇಡಿ, ನಟಿಯ ಕೈಗೆ ಅದರಿಂದ ಬಹಳ ಕೆಲಸ ಸಿಗುತ್ತದೆ.

ಅಜ್ಜಿ ರೈತರ ಮನೆಯವಳಾದರೆ ಇನ್ನೊಂದು ಚೆಂದದ ವಿಷಯವಿದೆ. ಆಗ ಹಿಟ್ಟು, ಕೋಳಿ ಮೇವು ಬರುತ್ತಿದ್ದದ್ದು ಹತ್ತಿಯ ಚೀಲಗಳಲ್ಲಿ. ಹೆಂಗಸರು ಅದರಲ್ಲೇ ಬಟ್ಟೆ ಹೊಲಿಯುತ್ತಾರೆ ಎಂದು ಗೊತ್ತಾದ ಕಂಪನಿಗಳು ಚೀಲದ ಮೇಲೆ ಹೂವಿನ ಪ್ರಿಂಟ್ ಹಾಕಿ ಮಾರತೊಡಗಿದವು. ಒಂದು ಉಡುಪಿಗೆ ಸುಮಾರು ಮೂರು ಚೀಲ ಬೇಕು. ಮೂರೂ ಒಂದೇ ಪ್ರಿಂಟ್ ಇರಬೇಕಲ್ಲ, ಅದಕ್ಕೆ ಮೇವು ತರಲು ಹೊರಟ ಗಂಡನಿಗೆ ಇಂಥದ್ದೇ ಚೀಲ ತಾ ಎಂದು ಹೇಳಿ ಕಳಿಸುತ್ತಿದ್ದರು. ಆ ಹೆಂಗಸರ ಜಾಣತನದ ಬಗ್ಗೆ ನನಗೆ ತುಂಬಾ ಗೌರವ.

ಕಾಲಿಗೆ ಸ್ಟಾಕಿಂಗ್ಸ್, ಅಂದರೆ ಉದ್ದನೆಯ ಕಾಲುಚೀಲ, ಬೇಕೇ ಬೇಕು. ನೈಲಾನ್ ಸ್ಟಾಕಿಂಗ್ಸ್ 1940ರಲ್ಲೇ ಅಂಗಡಿಗೆ ಬಂದಿದ್ದವು. ಆದರೂ ವಯಸ್ಸಾದವರು ಮನೆಯಲ್ಲಿ ದಪ್ಪ ಹತ್ತಿಯದನ್ನು ಹಾಕಿ, ಮೊಣಕಾಲಿನ ಹತ್ತಿರ ಸುರುಳಿ ಸುತ್ತಿ, ಎಲಾಸ್ಟಿಕ್ ಪಟ್ಟಿಯಲ್ಲಿ ನಿಲ್ಲಿಸುತ್ತಿದ್ದರು. ಸೊಂಟದಿಂದ ಪಾದದವರೆಗಿನ ಒಂದೇ ತುಂಡಿನ ಪ್ಯಾಂಟಿಹೋಸ್ ಬಂದದ್ದು 1959ರಲ್ಲಿ. ಅದನ್ನು ಹಾಕಿಸಬೇಡಿ.

ಭಾನುವಾರ ಚರ್ಚಿಗೆ ಹೊರಟಾಗ ಅದೇ ಅಜ್ಜಿ ಪೂರ್ತಿ ಬದಲಾಗುತ್ತಾಳೆ. ಒಳಗೆ ಗರ್ಡಲ್ (ಸೊಂಟ, ಹೊಟ್ಟೆ ಬಿಗಿಯುವ ಎಲಾಸ್ಟಿಕ್ ಒಳ ಉಡುಪು) ಅಥವಾ ಕಾರ್ಸೆಟ್. ಮೇಲೆ ಕಡುನೀಲಿ ಇಲ್ಲವೇ ಕಪ್ಪು ಕ್ರೇಪ್ ಉಡುಪು, ಕುತ್ತಿಗೆ ಹತ್ತಿರ ಬ್ರೂಚ್, ಅಂದರೆ ಬಟ್ಟೆಗೆ ಚುಚ್ಚುವ ಅಲಂಕಾರದ ಪಿನ್. ತಲೆಗೆ ಪಿನ್ ಚುಚ್ಚಿ ನಿಲ್ಲಿಸಿದ ಟೋಪಿ, ಕೈಗೆ ಗ್ಲೌಸ್, ಗಟ್ಟಿ ಹಿಡಿಯ ಬ್ಯಾಗು. ಕಪ್ಪು ಜನಾಂಗದ ಹೆಂಗಸರಿಗಂತೂ ಭಾನುವಾರದ ಟೋಪಿ ಎಂದರೆ ಬರೀ ಅಲಂಕಾರವಾಗಿರಲಿಲ್ಲ. ವಾರವೆಲ್ಲ ಬೇರೆಯವರ ಮನೆಯಲ್ಲಿ ಕೆಲಸದವರ ಸಮವಸ್ತ್ರ ಹಾಕಿ ದುಡಿದವರು, ಆ ದಿನ ತಮಗೆ ಬೇಕಾದಂತೆ, ತಲೆ ಎತ್ತಿ ಚರ್ಚಿಗೆ ನಡೆಯುತ್ತಿದ್ದರು. ನಿಮ್ಮ ಪಾತ್ರ ಅಂಥವಳಾದರೆ ಟೋಪಿಗೆ ಖರ್ಚು ಜಾಸ್ತಿ ಮಾಡಿ, ಉಳಿದದ್ದಕ್ಕೆ ಕಡಿಮೆ ಮಾಡಿ.

ಹಾಗಂತ ವಯಸ್ಸಾದವರೆಲ್ಲ ಮಂಕು ಬಣ್ಣವೇ ಉಡುತ್ತಿದ್ದರು ಎಂದುಕೊಳ್ಳಬೇಡಿ. ಅದೇ 1953ರ ಜನವರಿಯಲ್ಲಿ ಅಧ್ಯಕ್ಷರ ಪತ್ನಿ ಮೇಮಿ ಐಸೆನ್‌ಹೋವರ್, ತಮ್ಮ 56ನೇ ವಯಸ್ಸಿನಲ್ಲಿ, ಹೊಳೆಯುವ ಕಲ್ಲುಗಳನ್ನು ಕೂರಿಸಿದ ಗುಲಾಬಿ ಗೌನ್ ಹಾಕಿದ್ದರು. ಆಮೇಲೆ ದೇಶದಲ್ಲೆಲ್ಲ ಆ ಗುಲಾಬಿ ಬಣ್ಣದ ಹುಚ್ಚು ಹಬ್ಬಿತು. ಅಜ್ಜಿಯ ಸೊಸೆಗೆ ಅದು ಚೆನ್ನಾಗಿ ಒಪ್ಪುತ್ತದೆ.

ಪ್ಯಾಂಟ್ ಬೇಡ. ಯುದ್ಧದ ಕಾಲದಲ್ಲಿ ಕಾರ್ಖಾನೆಗೆ ಹೋದ ಹೆಂಗಸರು ಹಾಕಿದ್ದರು, ಹೊಲದಲ್ಲೂ ಹಾಕುತ್ತಿದ್ದರು. ಆದರೆ ಅಜ್ಜಿಯಂದಿರು ಪ್ಯಾಂಟ್‌ಸೂಟ್ ಹಾಕಿ ಪೇಟೆಗೆ ಹೋಗುವುದು ಮಾಮೂಲಾದದ್ದು 1970ರ ದಶಕದಲ್ಲಿ, ಪಾಲಿಯೆಸ್ಟರ್ ಬಂದು ಹರಡಿದ ಮೇಲೆ.

ಚಿತ್ರ ಬೇಕಿದ್ದರೆ ಫ್ಯಾಷನ್ ಪತ್ರಿಕೆ ಬಿಟ್ಟು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ವೆಬ್‌ಸೈಟ್ ನೋಡಿ. 1935ರಿಂದ 1944ರವರೆಗೆ ಸರ್ಕಾರವೇ ತೆಗೆಸಿದ ಹಳ್ಳಿ, ಪಟ್ಟಣಗಳ ಸಾವಿರಾರು ಫೋಟೊಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ಅಜ್ಜಿಯ ಹಳೆಯ ಉಡುಪುಗಳೆಲ್ಲ ಅಲ್ಲೇ ಇವೆ.

ಇನ್ನು ಶೂ. ಲೇಸ್ ಕಟ್ಟುವ ಕಪ್ಪು ಚರ್ಮದ್ದು, ದಪ್ಪ ಗಿಡ್ಡ ಹಿಮ್ಮಡಿಯದ್ದು ಹುಡುಕಿ. ಅದನ್ನು ಪ್ರದರ್ಶನದ ಹಿಂದಿನ ದಿನ ಕೊಡಬೇಡಿ, ತಾಲೀಮಿನ ಮೊದಲ ದಿನವೇ ನಟಿಗೆ ಹಾಕಿಸಿ. ಆ ಶೂನಲ್ಲಿ ವಾರ ಓಡಾಡಿದರೆ ನಡಿಗೆ ತಾನಾಗಿಯೇ ಬದಲಾಗುತ್ತದೆ.