ಉದ್ರಿ ಸೀರಿ, ಖಾಲಿ ಚೆಕ್ಕು, ಕಾಯಿ ಕಟ್ಟದ ತೊಗರಿ: ಓದುಗರ ಕಾನೂನು ಪ್ರಶ್ನೆಗಳು

ಈ ಸಲ ಬಂದ ಪತ್ರದಾಗ ಹೆಚ್ಚಿನವು ದುಡ್ಡು ಸಿಕ್ಕೊಂಡಿದ್ದರ ಬಗ್ಗೆನ ಅದಾವ. ಕೆಲವರು ಬಿಲ್ಲು, ರಸೀದಿ ಫೋಟೋ ಸೈತ ಕಳಿಸ್ಯಾರ, ಅವರಿಗೆ ಉತ್ತರ ಬರಿಯೂದು ಸಲೀಸು, ‘ಎಲ್ಲಾ ಬಾಯಿ ಮಾತಿನ ಮ್ಯಾಲ ರೀ’ ಅಂದವರಿಗೆ ಬರಿಯಾಕ ಸ್ವಲ್ಪ ತಿಣುಕಬೇಕಾತು. ಹೆಸರು ಬ್ಯಾಡ ಅಂದೀರಿ, ಯಾರದೂ ಹಾಕಿಲ್ಲ.

ಪ್ರಶ್ನೆ: ನಮಸ್ಕಾರ್ರೀ ವಕೀಲ ಸಾಹೇಬ್ರ. ನಮ್ದು ಬನಹಟ್ಟಿ, ಮನ್ಯಾಗ ನಾಕು ಪವರ್‌ಲೂಮ್ ಅದಾವ, ಸೀರಿ ನೇಯ್ದು ಇಚಲಕರಂಜಿ ವ್ಯಾಪಾರಿ ಒಬ್ಬರಿಗೆ ಕೊಡ್ತಿದ್ವಿ, 3 ಲಕ್ಷ 80 ಸಾವಿರ ಬಾಕಿ ಉಳಿದೈತಿ. ಮೊದ್ಲು ಕೇಳಿದ್ರ ಮಾರ್ಕೆಟ್ ಡಲ್ ಐತಿ ಅಂತಿದ್ದ, ಈಗ ಏಳು ತಿಂಗಳಾದ ಮ್ಯಾಲ ಮಾಲ್‌ನ್ಯಾಗ ಡ್ಯಾಮೇಜ್ ಇತ್ತು ಅನ್ನಾಕತ್ತಾನ. ಅಗ್ರಿಮೆಂಟ್ ಏನೂ ಇಲ್ಲ, ಬಿಲ್ಲು, ಟ್ರಾನ್ಸ್‌ಪೋರ್ಟ್ ರಸೀದಿ ಅದಾವ. ಮಹಾರಾಷ್ಟ್ರಕ್ಕ ಹೋಗಿ ಕೇಸ್ ಹಾಕ್ಬೇಕೇನ್ರಿ? ಸಣ್ಣ ಉದ್ಯಮದವರು ಸರ್ಕಾರದ ಕಡೆ ಮಾಡ್ಸೂ ಉದ್ಯಮ್ ರಜಿಸ್ಟ್ರೇಷನ್ ಮೂರು ವರ್ಷದ ಹಿಂದ ಮಾಡ್ಸೀವಿ, ಸಬ್ಸಿಡಿ ಸಿಗತೈತಿ ಅಂದ್ರು ಅಂತ.

ಉತ್ತರ: ಸಬ್ಸಿಡಿ ಸಲುವಾಗಿ ಮಾಡ್ಸಿದ ಆ ರಜಿಸ್ಟ್ರೇಷನ್ನೇ ಈಗ ನಿಮ್ಮ ಕೈ ಹಿಡಿಯೂದು ನೋಡ್ರಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಸಣ್ಣ ಉತ್ಪಾದಕರ ಕಡಿಂದ ಮಾಲು ತಗೊಂಡವ, ಬರವಣಿಗಿ ಒಪ್ಪಂದ ಇದ್ರ ಅದರಾಗ ಹೇಳಿದ ದಿನಕ್ಕ, ಏನ ಬರ್ಕೊಂಡಿದ್ರೂ 45 ದಿನ ದಾಟಬಾರದು, ಒಪ್ಪಂದ ಇಲ್ಲಾಂದ್ರ 15 ದಿನದಾಗ ದುಡ್ಡು ಕೊಡಬೇಕು. ನಿಮ್ದು ಒಪ್ಪಂದ ಇಲ್ಲ, ಅಂದ್ರ 15 ದಿನ. ಆಮ್ಯಾಲಿನ ಒಂದೊಂದು ದಿನಕ್ಕೂ ಬಡ್ಡಿ ಹತ್ತತೈತಿ, ಅದೂ ಸಾದಾ ಬಡ್ಡಿ ಅಲ್ಲ, ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು, ತಿಂಗಳ ತಿಂಗಳ ಚಕ್ರಬಡ್ಡಿ. ಇದನ್ನ ಕೇಳಿದ ಕೂಡ್ಲೇ ಎಷ್ಟೋ ವ್ಯಾಪಾರಿಗಳ ದನಿ ತಗ್ಗತೈತಿ.

ಇನ್ನ ಡ್ಯಾಮೇಜ್ ಮಾತು. ಮಾಲು ಮುಟ್ಟಿ 15 ದಿನದೊಳಗ ಬರವಣಿಗಿಯೊಳಗ ತಕರಾರು ಎತ್ತಲಿಲ್ಲಾಂದ್ರ ಮಾಲು ಮುಟ್ಟಿದ ದಿನಾನ ಒಪ್ಕೊಂಡಂಗ ಅಂತ ಅದೇ ಕಾಯ್ದೆದಾಗ ಐತಿ. ಏಳು ತಿಂಗಳ ಸುಮ್ಮನಿದ್ದು ಈಗ ಫೋನ್‌ನ್ಯಾಗ ಡ್ಯಾಮೇಜ್ ಅಂದ್ರ ಅದಕ್ಕ ತೂಕ ಕಡಿಮಿ. ವಾಟ್ಸಾಪ್‌ನ್ಯಾಗ ಏನರ ‘ಕಲರ್ ಬಿಟ್ಟೈತಿ’ ಅಂತ ಆಗ್ಲೇ ಕಳಿಸಿದ್ನೇನು ಅಂತ ನಿಮ್ಮ ಫೋನ್ ಒಮ್ಮಿ ತೆಗದು ನೋಡ್ರಿ, ಕಳಿಸಿದ್ರ ನಮ್ಮಿಂದ ಮುಚ್ಚಿಡಬ್ಯಾಡ್ರಿ.

ಇಚಲಕರಂಜಿಗೆ ಓಡಾಡೂದು ಬ್ಯಾಡ. ಈ ಕಾಯ್ದೆ ಅಡಿ ಇಂಥ ಬಾಕಿ ತಕರಾರು ಬಗೆಹರಿಸಾಕ ಇರೂ ಫೆಸಿಲಿಟೇಷನ್ ಕೌನ್ಸಿಲ್‌ಗೆ, ಕೊಂಡವ ದೇಶದ ಯಾವ ಮೂಲ್ಯಾಗ ಇದ್ರೂ, ಮಾಲು ಕೊಟ್ಟವ ಇರೂ ಕಡೆನ ಅರ್ಜಿ ನಡಿತೈತಿ. ಅರ್ಜಿ ಆನ್‌ಲೈನ್, ತಿಳೀಲಿಲ್ಲಾಂದ್ರ ಬಾಗಲಕೋಟೆ ಜಿಲ್ಲಾ ಕೈಗಾರಿಕಾ ಕೇಂದ್ರದಾಗ ಕೇಳ್ರಿ. ಮೊದ್ಲು ರಾಜಿ ಮಾಡಾಕ ನೋಡ್ತಾರ, ಆಗಲಿಲ್ಲಾಂದ್ರ ಪಂಚಾಯ್ತಿಕೆ, ಅಂದ್ರ ಆರ್ಬಿಟ್ರೇಷನ್. ಅಲ್ಲಿ ನಿಮ್ಮ ಕಡೆ ಆದೇಶ ಆದ್ರ ಅವ ಅದನ್ನ ಕೋರ್ಟಿನ್ಯಾಗ ಪ್ರಶ್ನೆ ಮಾಡಬೇಕಾದ್ರ ಮೊದ್ಲು 75 ಪರ್ಸೆಂಟ್ ದುಡ್ಡು ಕಟ್ಟಬೇಕು, ಸುಮ್ಮನ ಎಳದಾಡಾಕ ಬರಂಗಿಲ್ಲ.

ಅದಕ್ಕೂ ಮೊದ್ಲು ಒಂದು ಕೆಲಸ ಮಾಡ್ರಿ. ಉದ್ಯಮ್ ನಂಬರ್, ಬಿಲ್ಲಿನ ತಾರೀಕು, ಇಲ್ಲಿತನ ಆದ ಬಡ್ಡಿ ಎಲ್ಲಾ ಹಾಕಿ ಒಂದು ರಜಿಸ್ಟರ್ಡ್ ನೋಟಿಸ್ ಕಳಿಸ್ರಿ, ಅದರಾಗ ಇನ್‌ಕಮ್ ಟ್ಯಾಕ್ಸ್ ಮಾತೂ ಬರೀರಿ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂಗ ಸಣ್ಣ ಉದ್ಯಮಕ್ಕ ಟೈಮಿಗೆ ಕೊಡದ ದುಡ್ಡನ್ನ ಕೊಂಡವ ಆ ವರ್ಷದ ಖರ್ಚಿನ್ಯಾಗ ತೋರಿಸಾಕ ಬರಂಗಿಲ್ಲ, ಕೊಟ್ಟ ವರ್ಷದಾಗನ ತೋರಿಸಬೇಕು. ವ್ಯಾಪಾರಿ ವಕೀಲರಿಗೆ ಅಂಜಲಿಕ್ಕಿಲ್ಲ, ಆದ್ರ ಅವನ ಸಿಎ ಈ ಸಾಲು ಓದಿದ್ರ ಅವನಿಗೆ ಫೋನ್ ಹಚ್ಚೇ ಹಚ್ತಾನ. ಮುಂದಿನ ಬಿಲ್‌ಬುಕ್‌ನ್ಯಾಗ ಉದ್ಯಮ್ ನಂಬರ್ ಪ್ರಿಂಟ್ ಮಾಡ್ಸಿಬಿಡ್ರಿ.

ಉಳಿದ ಓದುಗರಿಗೆ ಒಂದು ಮಾತು: ಖರೀದಿ ಮಾಡಿ ಮಾರೂ ಅಂಗಡಿಯವರಿಗೂ 2021ರಿಂದ ಉದ್ಯಮ್ ನಂಬರ್ ಕೊಡಾಕತ್ತಾರ, ಆದ್ರ ಅದು ಬ್ಯಾಂಕ್ ಸಾಲದ ಆದ್ಯತೆ ಸಲುವಾಗಿ ಅಷ್ಟ, ಈ ಬಡ್ಡಿ ಹಕ್ಕು ಅವರಿಗೆ ಬರಂಗಿಲ್ಲ.

ಪ್ರಶ್ನೆ: ಜಮಖಂಡಿಯೊಳಗ ಬಸ್ ಸ್ಟ್ಯಾಂಡ್ ಹತ್ರ 20 ರೂಪಾಯಿ ನೀರಿನ ಬಾಟ್ಲಿಗೆ 25 ತಗೊಂಡ್ರು, ಕೇಳಿದ್ರ ಫ್ರಿಜ್ ಕರೆಂಟ್ ಬಿಲ್ ನೀವ್ ಕಟ್ತೀರೇನು ಅಂದ್ರು. ಹಿಂಗ ತಗೋಬಹುದೇನ್ರಿ?

ಉತ್ತರ: ಇಲ್ಲ. ಎಂಆರ್‌ಪಿ ಅಂದ್ರ ಎಲ್ಲಾ ಟ್ಯಾಕ್ಸ್ ಸೇರಿ ಗರಿಷ್ಠ ಬೆಲಿ, ತಣ್ಣಗ ಮಾಡಿದ್ದಕ್ಕ ಬ್ಯಾರೆ ರೊಕ್ಕ ಅನ್ನೂದು ಕಾನೂನಿನ್ಯಾಗ ಇಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು, 1915ಕ್ಕ ಫೋನ್ ಹಚ್ಚಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಹೇಳಬಹುದು. ಫೋನ್‌ಪೇ ಮಾಡಿದ್ರ 25 ರೂಪಾಯಿ ಎಂಟ್ರಿನ ಸಾಕ್ಷಿ, ಬಾಟ್ಲಿ ಲೇಬಲ್ ಫೋಟೋ ಹೊಡ್ಕೊಳ್ರಿ. ಹೋಟೆಲ್‌ನ್ಯಾಗ ಕುಂತು ಊಟ ಮಾಡ್ವಾಗ ಮಾತ್ರ ಲೆಕ್ಕ ಬ್ಯಾರೆ, ಅಲ್ಲಿ ಬರೀ ಬಾಟ್ಲಿ ಮಾರೂದಲ್ಲ ಸೇವೆನೂ ಐತಿ ಅಂತ ಸುಪ್ರೀಂ ಕೋರ್ಟ್ 2017ರಾಗ ಹೇಳೈತಿ. ನನಗೇನೂ ಆ ತೀರ್ಪು ಅಷ್ಟು ರುಚಿಸಿಲ್ಲ, ಆದ್ರ ಇರೂದು ಹಂಗ.

ಪ್ರಶ್ನೆ: ಸರ್, ನಾನು ಬೆಳಗಾವಿ ವಡಗಾಂವ್‌ದಾಗ ಮನ್ಯಾಗ ಬ್ಲೌಸ್ ಎಂಬ್ರಾಯ್ಡರಿ ಮಾಡ್ತೀನಿ, ಸಂಘದಾಗ ಸಾಲ ತಗದು 2 ಲಕ್ಷ 85 ಸಾವಿರದ ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನ್ ತಗೊಂಡೆ, ಎರಡನೇ ತಿಂಗಳಿಂದನ ಬೋರ್ಡ್ ಹೋಗಾಕತ್ತು, ವಾರಂಟಿ ಐತಿ ಆದ್ರೂ ಮಷೀನ್ ಕೊಟ್ಟವರು ಬರವಲ್ರು. ಗ್ರಾಹಕರ ಕೋರ್ಟಿಗೆ ಹೋಗ್ತೀನಿ ಅಂದ್ರ ನೀವು ಬಿಸಿನೆಸ್ ಮಾಡೋರು, ಗ್ರಾಹಕರ ಅಲ್ಲ, ಹೋದ್ರೂ ಸೂರತ್ ಕೋರ್ಟಿಗೆ ಬರಬೇಕಾಗತೈತಿ, ಬಿಲ್ ಹಿಂದ ಬರದೈತಿ ನೋಡ್ರಿ ಅಂತಾರ. ಒಬ್ಬ ಹುಡುಗಿನ್ನ ಕೆಲಸಕ್ಕ ಇಟ್ಕೊಂಡೀನಿ, ಅದಕ್ಕ ತ್ರಾಸ್ ಆಗತೈತೇನ್ರಿ?

ಉತ್ತರ: ಅಕ್ಕಾರ, ಅವರು ಹೇಳಿದ ಎರಡೂ ಮಾತು ನಿಮಗ ಹತ್ತಂಗಿಲ್ಲ. ಲಾಭದ ವ್ಯಾಪಾರಕ್ಕ ತಗೊಂಡವ ಗ್ರಾಹಕ ಅಲ್ಲ ಅನ್ನೂದು ಖರೆ, ಆದ್ರ ಅದರ ಬೆನ್ನಿಗೇ ಒಂದು ವಿವರಣೆ ಐತಿ, ಸ್ವಂತ ದುಡಿಮಿಯಿಂದ ಹೊಟ್ಟಿ ಹೊರಕೊಳ್ಳಾಕ ಅಂತ ತಗೊಂಡು ತಾವೇ ಬಳಸಿದ್ರ ಅದು ವಾಣಿಜ್ಯ ಉದ್ದೇಶ ಅಲ್ಲ. 1995ರಾಗ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಬಿಡಿಸಿ ಹೇಳೈತಿ, ಮಷೀನ್ ನಡ್ಸಾಕ ಒಬ್ಬಿಬ್ಬರ ಸಹಾಯ ತಗೊಂಡ್ರೂ ಗ್ರಾಹಕರಾಗೇ ಉಳಿತಾರ ಅಂತ. ಹತ್ತು ಮಷೀನ್ ಹಾಕಿ ಆಳು ಇಟ್ಟು ಫ್ಯಾಕ್ಟರಿ ನಡ್ಸೋರ ಪ್ರಶ್ನೆ ಬ್ಯಾರೆ.

ಆದ್ರ ಇಲ್ಲೊಂದು ಕಡೆ ಬಾಳ ಮಂದಿ ಎಡವ್ತಾರ. ‘ನನ್ನ ಜೀವನೋಪಾಯಕ್ಕ, ಸ್ವಯಂ ಉದ್ಯೋಗಕ್ಕ ತಗೊಂಡೀನಿ, ನಾನೇ ನಡಸ್ತೀನಿ’ ಅನ್ನೂದನ್ನ ದೂರಿನ್ಯಾಗ ಸ್ಪಷ್ಟ ಬರೀಬೇಕು, ಬರೀದ ಹೋದ್ರ ಎದುರಿನ ವಕೀಲರು ಅದನ್ನ ಹಿಡಕೊಂಡು ದೂರನ್ನೇ ಹೊರಗ ಹಾಕ್ಸಾಕ ನೋಡ್ತಾರ. ಸಂಘದ ಸಾಲದ ಕಾಗದಾನೂ ಲಗತ್ತಿಸ್ರಿ.

ಸೂರತ್ ಮಾತು ಮರತಬಿಡ್ರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈದಾಗ ಜಾರಿಗೆ ಬಂದ ಮ್ಯಾಲ ದೂರು ಕೊಡೋರು ತಾವು ಇರೂ ಊರಾಗ, ಇಲ್ಲಾ ದುಡಿಯೂ ಊರಾಗ ಕೇಸ್ ಹಾಕಬಹುದು, ಅಂದ್ರ ಬೆಳಗಾವಿ ಜಿಲ್ಲಾ ಗ್ರಾಹಕರ ಆಯೋಗದಾಗನ. ಕೊಟ್ಟ ಬೆಲಿ 5 ಲಕ್ಷದೊಳಗ ಇದ್ರ ಫೀ ಇಲ್ಲ. ವಕೀಲರು ಬೇಕ ಬೇಕು ಅಂತನೂ ಇಲ್ಲ, ಇ-ಜಾಗೃತಿ ಪೋರ್ಟಲ್‌ನ್ಯಾಗ ಮನ್ಯಾಗ ಕುಂತು ಹಾಕಬಹುದು. ತೊಂದರಿ ಶುರುವಾದಾಗಿಂದ ಎರಡು ವರ್ಷ ಟೈಮ್ ಐತಿ, ಹಂಗಂತ ವಾರಂಟಿ ಮುಗಿಯೂ ತನಕ ‘ನಾಳೆ ಬರ್ತೀವಿ’ ಮಾತು ನಂಬಿ ಕುಂದರಬ್ಯಾಡ್ರಿ. ಪ್ರತಿ ಸಲ ಕಂಪ್ಲೇಂಟ್ ಕೊಟ್ಟಿದ್ದನ್ನ ಇಮೇಲ್ ಇಲ್ಲಾ ವಾಟ್ಸಾಪ್‌ನ್ಯಾಗ ಬರ್ದು ಇಡ್ರಿ.

ಪ್ರಶ್ನೆ: ನಮ್ಮೂರು ಸಿಂದಗಿ ತಾಲ್ಲೂಕು. ಹೊಸ ತೊಗರಿ ಬೀಜ ಅಂತ ಅಂಗಡಿಯವರು ಕೊಟ್ರು, ಗಿಡ ಆಳೆತ್ತರ ಬೆಳದಾವ, ಕಾಯೇ ಕಟ್ಟಿಲ್ಲ, ಬಾಜೂ ಹೊಲದಾಗ ಬ್ಯಾರೆ ಬೀಜ ಹಾಕಿದವರದು ಛಲೋ ಅದ. ಕಂಪನಿಯವರು ಮಂಜು ಬಿದ್ದು ಹೂ ಉದುರ್ಯಾವ ಅಂತಾರ. ಬೀಜ ಎಲ್ಲಾ ಬಿತ್ತೀವಿ, ಲ್ಯಾಬಿಗೆ ಕಳಸಾಕ ಒಂದ್ ಕಾಳೂ ಉಳದಿಲ್ಲ. ಏನ್ ಮಾಡೂದ್ರಿ?

ಉತ್ತರ: ಮೊದ್ಲು ಒಂದ್ ಮಾತು, ಹೊಲ ಕಿತ್ತು ಹರಗಬ್ಯಾಡ್ರಿ. ಸಿಟ್ಟಿನ್ಯಾಗ ಟ್ರ್ಯಾಕ್ಟರ್ ಹೊಡಸಿಬಿಟ್ರ ಇದ್ದ ಸಾಕ್ಷಿನೂ ಹೋಗತೈತಿ. ಇವತ್ತೇ ರೈತ ಸಂಪರ್ಕ ಕೇಂದ್ರಕ್ಕ ಹೋಗಿ, ಇಲ್ಲಾ ತಾಲ್ಲೂಕು ಸಹಾಯಕ ಕೃಷಿ ನಿರ್ದೇಶಕರಿಗೆ, ಬರವಣಿಗಿ ಅರ್ಜಿ ಕೊಟ್ಟು ಹೊಲ ತಪಾಸಣೆ ಮಾಡ್ರಿ ಅಂತ ಕೇಳ್ರಿ, ನಿಮ್ಮ ಪ್ರತಿ ಮ್ಯಾಲ ಸಿಕ್ಕಾ ಹಾಕಿಸ್ಕೊಳ್ರಿ. ವಿಜಯಪುರ ಹಿಟ್ನಳ್ಳಿ ಕೃಷಿ ಕಾಲೇಜಿನ ವಿಜ್ಞಾನಿಗಳೂ ಬರಲಿ ಅಂತ ಅರ್ಜಿಯೊಳಗನ ಬರೀರಿ, ಕಂಪನಿಯವರನ್ನೂ ಕರೀಲಿ, ಅವರಿಲ್ಲದ ಪಂಚನಾಮಿ ಆದ್ರ ಆಮ್ಯಾಲ ‘ನಮಗ ಹೇಳೇ ಇಲ್ಲ’ ಅಂತಾರ. ಮಂಜಿನ ಮಾತಿಗೆ ಉತ್ತರ ನಿಮ್ಮ ಪತ್ರದಾಗನ ಐತಲ್ಲ. ಮಂಜು ಒಬ್ಬರ ಹೊಲಕ್ಕ ಬಿದ್ದು ಬಾಜೂ ಹೊಲ ಬಿಡೂದಿಲ್ಲ. ಬಾಜೂ ಹೊಲದವರ ಬಿತ್ತಿದ ತಾರೀಕು, ತಳಿ, ಗೊಬ್ಬರ, ಅದರ ಫೋಟೋ, ಎಲ್ಲಾ ಆ ವರದಿಯೊಳಗ ಬರುವಂಗ ನೋಡ್ಕೊಳ್ರಿ. ಬರೀ ‘ಬೆಳಿ ಬಂದಿಲ್ಲ’ ಅಂತ ಬರದ ವರದಿಯಿಂದ ಕೇಸ್ ಗೆಲ್ಲೂದು ಕಷ್ಟ, ಕಾರಣ ಬೀಜದ್ದು ಅಂತ ಅದರಾಗ ಬರಬೇಕು.

ಕಾಳು ಉಳದಿಲ್ಲ ಅಂತ ಎದಿಗುಂದಬ್ಯಾಡ್ರಿ. 2012ರಾಗ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಇದನ್ನ ನೋಡೈತಿ. ರೈತ ತಗೊಂಡ ಬೀಜ ಎಲ್ಲಾ ಬಿತ್ತತಾನ, ಲ್ಯಾಬ್ ಸಲುವಾಗಿ ತಗದಿಡು ಅನ್ನಾಕ ಬರಂಗಿಲ್ಲ, ಬೀಜ ಛಲೋ ಇತ್ತು ಅನ್ನೂದಾದ್ರ ಕಂಪನಿನೇ ತನ್ನ ಕಡಿ ಇರೂ ಅದೇ ಲಾಟಿನ ಬೀಜ ಟೆಸ್ಟ್ ಮಾಡಿಸಬಹುದಿತ್ತು ಅಂತ. ರೈತರು ಗ್ರಾಹಕರೇ ಅಂತನೂ ಅದೇ ತೀರ್ಪಿನ್ಯಾಗ ಐತಿ. ನಿಮಗ ಬೇಕಾದ್ದು ಚೀಲ, ಚೀಲದ ಮ್ಯಾಲಿನ ಲಾಟ್ ನಂಬರ್ ಇರೂ ಲೇಬಲ್ಲು, ಅಂಗಡಿ ಬಿಲ್ಲು. ಚೀಲದಾಗ ಸಜ್ಜಿ ತುಂಬಿಟ್ಟಿದ್ರ ಇಳಸಿ ಚೀಲ ಎತ್ತಿಡ್ರಿ! ಬಿಲ್ ಇಲ್ಲಾಂದ್ರ ಅಂಗಡಿಯವರ ಸ್ಟಾಕ್ ರಜಿಸ್ಟರ್ ಕೃಷಿ ಇಲಾಖೆಯವರ ಮೂಲಕ ತರಿಸಾಕ ಕೇಳಬೇಕಾಗತೈತಿ, ಅದು ಸುತ್ತು ಬಳಸಿನ ದಾರಿ. ಕೇಸ್ ವಿಜಯಪುರ ಜಿಲ್ಲಾ ಆಯೋಗದಾಗ, ಅಂಗಡಿ ಮತ್ತ ಕಂಪನಿ ಇಬ್ಬರ ಮ್ಯಾಲೂ.

ಪ್ರಶ್ನೆ: ಇಳಕಲ್‌ನ್ಯಾಗ ಕಿರಾಣಿ ಅಂಗಡಿ ಐತ್ರಿ. ಖಾಸಗಿ ಬಡ್ಡಿಯವರ ಕಡಿಂದ 1 ಲಕ್ಷ ತಗೊಂಡಿದ್ದೆ, ಸಹಿ ಮಾಡಿದ ಖಾಲಿ ಚೆಕ್ ಇಟ್ಕೊಂಡ್ರು. 70 ಸಾವಿರ ಹೊಳ್ಳಿ ಕೊಟ್ಟೀನಿ, ಅರ್ಧ ಫೋನ್‌ಪೇ ಅರ್ಧ ನಗದು. ಈಗ ಚೆಕ್ಕಿನ್ಯಾಗ 3 ಲಕ್ಷ ಬರ್ದು ಬ್ಯಾಂಕಿಗೆ ಹಾಕ್ಯಾರ, ಬೌನ್ಸ್ ಆಗೇತಿ, ವಕೀಲರ ನೋಟಿಸ್ ಬಂದೈತಿ. ಗೆಳ್ಯಾರು ನೋಟಿಸ್ ತಗೋಬ್ಯಾಡ ಅಂದ್ರು, ನಾನು ತಗೊಂಡ್ಬಿಟ್ಟೆ.

ಉತ್ತರ: ತಗೊಂಡಿದ್ದ ಛಲೋ ಆತು. ಸರಿಯಾದ ವಿಳಾಸಕ್ಕ ಬಂದ ರಜಿಸ್ಟರ್ ಪೋಸ್ಟ್ ಬ್ಯಾಡ ಅಂದ್ರೂ ಕೋರ್ಟು ಮುಟ್ಟಿದಂಗನ ಲೆಕ್ಕ ಹಿಡಿತೈತಿ, ಉತ್ತರ ಕೊಡೂ ಅವಕಾಶ ಅಷ್ಟ ಹೋಗತೈತಿ. ನೋಟಿಸ್ ಕೈಗೆ ಬಂದ ದಿನದಿಂದ 15 ದಿನದಾಗ ಉತ್ತರ ಹೋಗಲಿ. ಆ 15 ದಿನ ಮುಗಿದ ಮ್ಯಾಲ ಒಂದು ತಿಂಗಳದಾಗ ಅವರು ಕೇಸ್ ಹಾಕಬೇಕು. ಇದು ಚೆಕ್ ಬೌನ್ಸಿನ ಕಾನೂನು, ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಸೆಕ್ಷನ್ 138, ತಪ್ಪು ಅಂತಾದ್ರ ಎರಡು ವರ್ಷದ ತನಕ ಶಿಕ್ಷೆ, ಇಲ್ಲಾ ಚೆಕ್ಕಿನ ಎರಡು ಪಟ್ಟಿನ ತನಕ ದಂಡ, ಇಲ್ಲಾ ಎರಡೂ.

‘ಖಾಲಿ ಚೆಕ್ ಇತ್ರಿ’ ಅನ್ನೂದು ಒಂದ ನಿಮ್ಮನ್ನ ಉಳಸಂಗಿಲ್ಲ, ಸಹಿ ಮಾಡಿ ಖುಷಿಯಿಂದ ಕೊಟ್ಟ ಚೆಕ್ಕನ್ನ ಬ್ಯಾರೆಯವರು ತುಂಬಿದ್ರೂ ಅದು ಚೆಕ್ಕೇ ಅಂತ 2019ರಾಗ ಸುಪ್ರೀಂ ಕೋರ್ಟ್ ಹೇಳೈತಿ, ಸಾಲ ಅಷ್ಟಿಲ್ಲ ಅಂತ ತೋರ್ಸೂ ಭಾರ ನಿಮ್ಮ ಮ್ಯಾಲ. ಆದ್ರ 2022ರ ಇನ್ನೊಂದು ತೀರ್ಪು ನಿಮಗ ಬಲ: ನಡುವ ಒಂದಿಷ್ಟು ಸಾಲ ತೀರಿಸಿದ ಮ್ಯಾಲ, ತೀರಿದ್ದನ್ನ ಚೆಕ್ಕಿನ ಮ್ಯಾಲ ನಮೂದಿಸದ ಪೂರ್ತಿ ಮೊತ್ತಕ್ಕ ಬ್ಯಾಂಕಿಗೆ ಹಾಕಿದ್ರ, ಆ ದಿನ ಅಷ್ಟು ಬಾಕಿ ಇಲ್ಲದ ಕಾರಣ 138 ನಿಲ್ಲೂದಿಲ್ಲ. ಫೋನ್‌ಪೇ ಎಂಟ್ರಿಗಳನ್ನ ಬ್ಯಾಂಕ್ ಸ್ಟೇಟ್‌ಮೆಂಟ್‌ನ್ಯಾಗ ತಗಸ್ರಿ, 1 ಲಕ್ಷ ನಿಮ್ಮ ಖಾತೆಗೆ ಬಂದಿದ್ರ ಆ ಎಂಟ್ರಿ ಬಾಳ ಮುಖ್ಯ. ನಗದು ಕೊಟ್ಟಿದ್ದಕ್ಕ ಅವರ ಕೈಬರಹದ ಚೀಟಿ, ವಾಟ್ಸಾಪ್ ಮೆಸೇಜು, ಎದುರಿಗಿದ್ದವರು, ಏನ್ ಸಿಕ್ರೂ ಕೂಡ್ಸಿಡ್ರಿ. ಬಡ್ಡಿ ವ್ಯವಹಾರಕ್ಕ 1961ರ ಕರ್ನಾಟಕ ಲೇವಾದೇವಿ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ಅವರ ಲೈಸೆನ್ಸ್ ನಂಬರ್ ಏನು ಅಂತ ಉತ್ತರದಾಗನ ಕೇಳ್ರಿ. ವಕೀಲರಿಗೆ ದುಡ್ಡಿಲ್ಲಾಂದ್ರ 15100ಕ್ಕ ಫೋನ್ ಹಚ್ರಿ, ಉಚಿತ ಕಾನೂನು ನೆರವಿಂದು.

ಪ್ರಶ್ನೆ: ಬೆಳಗಾವಿ ಗಣಪತ ಗಲ್ಲಿ ಕಡೆ ಬಾಡಿಗಿ ಅಂಗಡಿ, 11 ತಿಂಗಳ ಅಗ್ರಿಮೆಂಟ್ ಮುಗದು ಎರಡು ವರ್ಷ ಆತು, ಬಾಡಿಗಿ ಕೊಡ್ಕೋತ ಬಂದೀನಿ. ಮಾಲಕರು ಮುಂದಿನ ವಾರ ಕೀಲಿ ಹಾಕ್ತೀನಿ ಅಂತಾರ. 2 ಲಕ್ಷ ಡಿಪಾಜಿಟ್ ಐತಿ.

ಉತ್ತರ: ಅಗ್ರಿಮೆಂಟ್ ಮುಗದ ಮ್ಯಾಲೂ ಅವರು ಬಾಡಿಗಿ ತಗೊಂಡಾರಂದ್ರ ನೀವು ತಿಂಗಳ ಬಾಡಿಗಿದಾರರು. ಬಿಡಸಾಕ 15 ದಿನದ ಬರವಣಿಗಿ ನೋಟಿಸ್ ಬೇಕು, ನೀವು ಬಿಡಲಿಲ್ಲಾಂದ್ರ ಅವರು ಕೋರ್ಟಿಗೆ ಹೋಗಬೇಕು, ಕೀಲಿ ಹಾಕೂ ಅಧಿಕಾರ ಇಲ್ಲ. ಅಂಜಿಕಿ ಖರೆ ಇದ್ರ ಈಗ್ಲೇ ಸಿವಿಲ್ ಕೋರ್ಟಿನ್ಯಾಗ ತಡೆಯಾಜ್ಞೆ ಕೇಳ್ರಿ. ಕೀಲಿ ಹಾಕೇ ಬಿಟ್ರ ಆರು ತಿಂಗಳದೊಳಗ ಸ್ವಾಧೀನ ಹೊಳ್ಳಿ ಕೊಡಸ್ರಿ ಅಂತ ದಾವೆ ಹಾಕಬಹುದು. ಬಾಡಿಗಿ ನಗದು ಕೊಡೂದು ಇವತ್ತಿಗೆ ನಿಲ್ಲಿಸಿ ಖಾತೆಗೆ ಹಾಕ್ರಿ.

ಖರೆ ಹೇಳ್ಬೇಕಂದ್ರ ಇದು ನಿಮಗ ಟೈಮ್ ಕೊಡತೈತಿ, ಅಂಗಡಿ ಕೊಡಂಗಿಲ್ಲ. ಬಾಡಿಗಿದಾರರಿಗೆ ರಕ್ಷಣೆ ಕೊಡೂ 1999ರ ಬಾಡಿಗಿ ಕಾಯ್ದೆ 14 ಚದರ ಮೀಟರ್ ದಾಟಿದ ವ್ಯಾಪಾರದ ಜಾಗಕ್ಕ ಹತ್ತಂಗಿಲ್ಲ. ಆ ಟೈಮಿನ್ಯಾಗ ಡಿಪಾಜಿಟ್ ಯಾವಾಗ ಹೊಳ್ಳಿ ಕೊಡ್ತಾರ ಅನ್ನೂದನ್ನ ಬರವಣಿಗಿಯೊಳಗ ಮಾಡ್ಕೊಂಡು, ಕೈಯಾಗ ಬಂದ ಮ್ಯಾಲ ಕೀಲಿ ಕೊಡ್ರಿ.

ಪ್ರಶ್ನೆ: ಮಗಳ ಮದುವಿಗೆ ವಿಜಯಪುರದಾಗ ಬಂಗಾರ ತಗೋತೀವಿ. 22 ಕ್ಯಾರೆಟ್ ಹೌದೋ ಅಲ್ಲೋ ಹೆಂಗ ಗೊತ್ತಾಗ್ಬೇಕು?

ಉತ್ತರ: ಒಡವಿ ಮ್ಯಾಲ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22 ಕ್ಯಾರೆಟ್ ಅನ್ನೂ 22ಕೆ916, ಮತ್ತ ಒಂದೊಂದು ಒಡವಿಗೂ ಬ್ಯಾರೆ ಇರೂ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ನಂಬರ್ ನೋಡ್ರಿ. ಬಿಐಎಸ್ ಕೇರ್ ಆ್ಯಪ್‌ನ್ಯಾಗ ಆ ನಂಬರ್ ಹಾಕಿದ್ರ ಯಾವ ಒಡವಿ, ಎಷ್ಟು ಶುದ್ಧ ಅಂತ ತೋರಸತೈತಿ, ಕೈಯಾಗಿರೂದು ಬಳಿ ಆಗಿ ಆ್ಯಪ್ ಉಂಗುರ ಅಂದ್ರ ಅಲ್ಲೇ ಇಟ್ಟು ಎದ್ದು ಬರ್ರಿ. ಟೆಸ್ಟಿನ್ಯಾಗ ಶುದ್ಧತೆ ಕಡಿಮಿ ಬಂದ್ರ ಆ ಕೊರತಿ ಬೆಲಿಯ ಎರಡು ಪಟ್ಟು ಮತ್ತ ಟೆಸ್ಟಿನ ಖರ್ಚು ಅಂಗಡಿಯವರು ಕೊಡಬೇಕು. ಬಿಲ್ಲಿನ್ಯಾಗ ತೂಕ, ಕ್ಯಾರೆಟ್, ಮಜೂರಿ, ಹಾಲ್‌ಮಾರ್ಕ್ ಚಾರ್ಜ್ ಬ್ಯಾರೆ ಬ್ಯಾರೆ ಬರಸ್ರಿ. ಜಿಎಸ್‌ಟಿ ಉಳಿತೈತಿ ಅಂತ ಕಚ್ಚಾ ಚೀಟಿ ಮ್ಯಾಲ ತಗೊಂಡ್ರ ಮುಂದ ತಕರಾರು ಬಂದಾಗ ಆ ಒಡವಿ ಅವರ ಅಂಗಡೀದು ಅಂತ ತೋರಸೂದೇ ನಿಮಗ ಮೊದಲನೇ ಕೇಸ್ ಆಗತೈತಿ.