ಧರ್ಮಗುರುವಾಗಲು ತತ್ವಶಾಸ್ತ್ರ ಯಾಕೆ ಓದಬೇಕು? ಓದಿದರೆ ಇರುವ ವಿಶ್ವಾಸವೂ ಹೋಗುವುದಿಲ್ಲವೇ?

ಮುಂದಿನ ತಿಂಗಳು ಗುರುಮಠದಲ್ಲಿ, ಅಂದರೆ ಕಥೋಲಿಕ ಧರ್ಮಗುರುಗಳನ್ನು ತಯಾರು ಮಾಡುವ ಸೆಮಿನರಿಯಲ್ಲಿ, ನಿಮ್ಮ ತತ್ವಶಾಸ್ತ್ರದ ತರಗತಿ ಶುರುವಾಗುತ್ತದೆ ಎಂದಿದ್ದೀರಿ. ದೇವರ ಸೇವೆಗೆಂದು ಹೊರಟವನು ಅರಿಸ್ಟಾಟಲ್, ಕಾಂಟ್, ನೀಚೆ ಅಂತ ವರ್ಷಗಟ್ಟಲೆ ಯಾಕೆ ಕೂರಬೇಕು, ನಾಸ್ತಿಕರ ಪುಸ್ತಕ ಓದಿ ವಿಶ್ವಾಸವೇ ಹೋದರೆ ಏನು ಗತಿ ಎಂದು ಕೇಳಿದ್ದೀರಿ. ನಾನು ಗುರುದೀಕ್ಷೆ ಪಡೆದು 14 ವರ್ಷವಾಯಿತು. ನಿಮ್ಮ ಭಯಕ್ಕೆ ಕಾರಣವಿಲ್ಲ ಎಂದು ಹೇಳಲಾರೆ. ನನಗೂ ಅದೇ ಆಗಿತ್ತು.

ಮೊದಲು ನಿಯಮದ ಮಾತು ಮುಗಿಸಿಬಿಡುತ್ತೇನೆ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 250ನೇ ವಿಧಿಯ ಪ್ರಕಾರ ಗುರು ಅಭ್ಯರ್ಥಿಯ ಓದು ಕಡಿಮೆಯೆಂದರೂ 6 ವರ್ಷ. ಅದರಲ್ಲಿ ಪೂರ್ತಿ 2 ವರ್ಷ ತತ್ವಶಾಸ್ತ್ರಕ್ಕೆ, 4 ವರ್ಷ ದೈವಶಾಸ್ತ್ರಕ್ಕೆ. ಇದನ್ನು ತಪ್ಪಿಸಿಕೊಳ್ಳುವ ದಾರಿ ಇಲ್ಲ, ಹುಡುಕಲೂ ಬೇಡಿ.

ದೈವಶಾಸ್ತ್ರಕ್ಕೆ ಇದು ಬೇಕೇ ಬೇಕು ಎಂಬುದು ನನಗೆ ತಡವಾಗಿ ಹೊಳೆಯಿತು. ಕ್ರಿಸ್ತರು ಪಿತನೊಂದಿಗೆ 'ಏಕಸತ್ವ' ಉಳ್ಳವರು ಎಂದು 325ರಲ್ಲಿ ಧರ್ಮಾಧ್ಯಕ್ಷರ ನಿಸಿಯಾ ಮಹಾಸಭೆ ಸಾರಿತಲ್ಲ, ಅದಕ್ಕೆ ಬಳಸಿದ 'ಹೊಮೊಊಸಿಯೋಸ್' ಎಂಬ ಗ್ರೀಕ್ ಪದ ಬೈಬಲ್ಲಿನಲ್ಲಿ ಎಲ್ಲೂ ಸಿಗುವುದಿಲ್ಲ. 451ರಲ್ಲಿ ಕಾಲ್ಸೆಡನ್ ಮಹಾಸಭೆ ಕ್ರಿಸ್ತರನ್ನು ಕುರಿತು 'ಒಬ್ಬ ವ್ಯಕ್ತಿ, ಎರಡು ಸ್ವಭಾವ' ಎಂದಿತು. ವ್ಯಕ್ತಿ ಎಂದರೇನು, ಸ್ವಭಾವ ಎಂದರೇನು ಎಂದು ಒಮ್ಮೆಯೂ ಯೋಚಿಸದವನು ಆ ವಾಕ್ಯವನ್ನು ಬಾಯಿಪಾಠ ಮಾಡಬಹುದು ಅಷ್ಟೆ. ಬಲಿಪೂಜೆಯಲ್ಲಿ (ಮಾಸ್) ರೊಟ್ಟಿಯ ಬಣ್ಣ, ರುಚಿ, ಆಕಾರ ಹಾಗೇ ಉಳಿದು, ಅದು ಏನಾಗಿತ್ತೋ ಆ ಮೂಲವಸ್ತುವೇ ಬದಲಾಗುತ್ತದೆ ಎನ್ನುವಾಗಲೂ ನಾವು ಮಾತಾಡುವುದು ಅರಿಸ್ಟಾಟಲನಿಂದ ಬಂದ ಭಾಷೆಯಲ್ಲೇ.

ಇನ್ನು ನಿಮ್ಮ ಭಯ. ಮೊದಲ ವರ್ಷ ನನಗೆ ಏನೂ ಆಗಲಿಲ್ಲ. ಪ್ಲೇಟೊ, ಸ್ತೋಯಿಕರು, ಅಗಸ್ಟೀನ್ ಎಲ್ಲ ನಮ್ಮವರೇ ಅನ್ನಿಸುತ್ತಿತ್ತು. ಎರಡನೇ ವರ್ಷ ಜರ್ಮನಿಯ ತತ್ವಜ್ಞಾನಿ ಫಾಯರ್‌ಬಾಖ್ ಬಂದ. ಅವನೂ ಶುರುವಿನಲ್ಲಿ ದೈವಶಾಸ್ತ್ರ ಓದಲು ಹೋದವನೇ. 1841ರ ಪುಸ್ತಕದಲ್ಲಿ ಅವನು ಹೇಳುವುದು ಇಷ್ಟು: ಮನುಷ್ಯ ತನ್ನಲ್ಲಿನ ಒಳ್ಳೆಯದನ್ನೆಲ್ಲ, ತನ್ನ ಹಂಬಲವನ್ನೆಲ್ಲ ಹೊರಗೆ ಎತ್ತಿಟ್ಟು, ಅದಕ್ಕೆ ದೇವರೆಂದು ಹೆಸರಿಟ್ಟು, ಅದರ ಮುಂದೆಯೇ ಮಂಡಿಯೂರುತ್ತಾನೆ. ನಮ್ಮ ಪಠ್ಯಪುಸ್ತಕ ಅವನನ್ನು ಅರ್ಧ ಪುಟದಲ್ಲಿ ಮಂಡಿಸಿ ಉಳಿದರ್ಧದಲ್ಲಿ ಸೋಲಿಸಿತ್ತು. ನಾನು ಗ್ರಂಥಾಲಯಕ್ಕೆ ಹೋಗಿ ಅವನನ್ನೇ ತೆಗೆದು ಓದಿದೆ. ಆಮೇಲೆ ಸುಮಾರು ಮೂರು ತಿಂಗಳು ಪ್ರಾರ್ಥನೆಗೆ ಕೂತಾಗಲೆಲ್ಲ ಒಂದೇ ಯೋಚನೆ: ನಾನು ಮಾತಾಡುತ್ತಿರುವುದು ನನ್ನ ಜೊತೆಗೇ ಇರಬಹುದಲ್ಲ?

ಯಾರಿಗೂ ಹೇಳಲಿಲ್ಲ. ಅದು ನಾನು ಮಾಡಿದ ದೊಡ್ಡ ತಪ್ಪು. ಕೊನೆಗೆ ನನ್ನ ಆಧ್ಯಾತ್ಮಿಕ ನಿರ್ದೇಶಕರ ಮುಂದೆ ಬಾಯಿಬಿಟ್ಟಾಗ ಅವರು ಗಾಬರಿಯಾಗಲಿಲ್ಲ. "ಅವನು ಹೇಳಿದ್ದರಲ್ಲಿ ಎಷ್ಟು ನಿನ್ನ ವಿಷಯದಲ್ಲಿ ನಿಜ, ಬರೆದುಕೊಂಡು ಬಾ" ಎಂದರು. ಬರೆದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ನೆನಪಾಗುವ ದೇವರು, ನನಗೆ ಆಗದವರು ತನಗೂ ಆಗದ ದೇವರು, ಇವರನ್ನು ನಾನೇ ಮಾಡಿಕೊಂಡಿದ್ದು ಹೌದು. ಆದರೆ ತರ್ಕದ ತರಗತಿಯಲ್ಲಿ ಕಲಿತದ್ದು ಆಗ ಕೈಗೆ ಬಂತು. ಒಂದನ್ನು ನಾನು ಬಯಸುತ್ತೇನೆ ಎಂಬುದರಿಂದ ಅದು ಇದೆ ಎಂದು ಸಿದ್ಧವಾಗುವುದಿಲ್ಲ, ಇಲ್ಲ ಎಂದೂ ಸಿದ್ಧವಾಗುವುದಿಲ್ಲ. ಫಾಯರ್‌ಬಾಖ್ ನನ್ನ ವಿಗ್ರಹಗಳನ್ನು ಒಡೆದಿದ್ದ, ಅದರಾಚೆಗೆ ಅವನ ವಾದ ಮುಟ್ಟುತ್ತಿರಲಿಲ್ಲ. ದೇವರು ಏನು ಎಂಬುದು ನಮಗೆ ತಿಳಿಯದು, ಏನಲ್ಲ ಎಂಬುದಷ್ಟೇ ತಿಳಿಯಬಹುದು ಎಂದು ಮಧ್ಯಯುಗದ ದೈವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸ್ ಹೇಳುತ್ತಾರೆ. ಅದನ್ನು ನಾನು ಆಗಲೇ ಓದಿದ್ದೆ, ಅಡಿಗೆರೆಯನ್ನೂ ಎಳೆದಿದ್ದೆ. ಅರ್ಥವಾಗಿದ್ದು ಮಾತ್ರ ಈ ಮೂರು ತಿಂಗಳ ನಂತರ.

ಅಕ್ವಿನಾಸ್ ತಮ್ಮ ಮುಖ್ಯ ಗ್ರಂಥವಾದ 'ಸುಮ್ಮ ಥಿಯೋಲೊಜಿಯೆ'ಯಲ್ಲಿ ಬರೆಯುವ ಕ್ರಮವನ್ನು ಗಮನಿಸಿ. ಪ್ರತಿ ಪ್ರಶ್ನೆಗೂ ಅವರು ಮೊದಲು ಬರೆಯುವುದು ಎದುರಾಳಿಯ ವಾದ. 'ದೇವರಿದ್ದಾರೆಯೇ' ಎಂಬ ಪ್ರಶ್ನೆಗೆ ಮೊದಲ ಸಾಲೇ 'ಇಲ್ಲ ಎಂದು ತೋರುತ್ತದೆ'. ಅದರ ಕೆಳಗೆ ಎರಡು ಆಕ್ಷೇಪ: ಅಪಾರ ಒಳ್ಳೆಯತನವೇ ಆದ ದೇವರಿದ್ದರೆ ಕೇಡು ಇರಬಾರದಿತ್ತು, ಆದರೆ ಇದೆ. ಪ್ರಕೃತಿ ಮತ್ತು ಮನುಷ್ಯನ ಇಚ್ಛೆಯಿಂದಲೇ ಎಲ್ಲವನ್ನೂ ವಿವರಿಸಬಹುದಾದರೆ ದೇವರ ಅಗತ್ಯವೇ ಇಲ್ಲ. ಇವತ್ತು ಕಾಲೇಜು ಹುಡುಗರು ನನ್ನನ್ನು ಕೇಳುವುದೂ ಇವೆರಡನ್ನೇ. 13ನೇ ಶತಮಾನದ ಆ ಸಂತರು ಅವನ್ನು ಮರೆಮಾಡಲಿಲ್ಲ, ಬಲ ಕುಗ್ಗಿಸಿಯೂ ಹೇಳಲಿಲ್ಲ. ಎದುರಿನವರು ತಮ್ಮ ಸಂಶಯವನ್ನು ಪೂರ್ತಿ ಹೇಳಿ ಮುಗಿಸುವವರೆಗೆ ಬಾಯಿ ಹಾಕದೆ ಕೂರುವ ಅಭ್ಯಾಸ ನನಗೆ ಬಂದದ್ದು ಈ ಪುಟಗಳಿಂದ. ಹಾಗೆ ಕೂರಲಾರದ ಗುರುವಿನ ಹತ್ತಿರ ಜನ ಎರಡನೇ ಸಲ ಬರುವುದಿಲ್ಲ.

ಜನ ಗುರುವಿನ ಮುಂದೆ ತಮ್ಮ ಪಾಪ ಹೇಳಿಕೊಳ್ಳುವ ಪಾಪನಿವೇದನೆಗೂ ತತ್ವಶಾಸ್ತ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಅಲ್ಲಿ ಕೇಳಿದ್ದನ್ನು ನಾನು ಎಲ್ಲೂ ಹೇಳುವಂತಿಲ್ಲ. ಆದರೆ ಮನಸ್ಸಿನಲ್ಲಿ ಸುಳಿದುಹೋದ ಒಂದು ಕೆಟ್ಟ ಯೋಚನೆಗೂ ನರಕವೇ ಗತಿ ಎಂದು ನಡುಗುವವರು ಇದ್ದಾರೆ ಎಂಬುದು ಎಲ್ಲ ಗುರುಗಳಿಗೂ ಗೊತ್ತು. ಬಲಾತ್ಕಾರದಿಂದ ಅಥವಾ ಅಜ್ಞಾನದಿಂದ ಆದದ್ದು ಸ್ವಂತ ಇಚ್ಛೆಯ ಕ್ರಿಯೆಯಲ್ಲ ಎಂದು ಅರಿಸ್ಟಾಟಲ್ ನೀತಿಶಾಸ್ತ್ರದ ಮೂರನೇ ಭಾಗದಲ್ಲಿ ಬಿಡಿಸಿ ಹೇಳುತ್ತಾನೆ. ಅಕ್ವಿನಾಸ್ ಅದನ್ನು ಮುಂದುವರಿಸಿ, ಮನುಷ್ಯನಲ್ಲಿ ತಾನಾಗಿ ನಡೆಯುವುದು ಬೇರೆ, ಅವನು ತಿಳಿದು ಒಪ್ಪಿ ಮಾಡುವುದು ಬೇರೆ ಎನ್ನುತ್ತಾರೆ. ಮಾರಕ ಪಾಪಕ್ಕೆ ಗಂಭೀರ ವಿಷಯ, ಪೂರ್ಣ ಅರಿವು, ಮನಃಪೂರ್ವಕ ಸಮ್ಮತಿ ಮೂರೂ ಬೇಕು ಎಂಬ ಧರ್ಮಸಭೆಯ ಬೋಧನೆಯಲ್ಲೂ ಇದೇ ವಿವೇಚನೆ ಇದೆ. ನೊಂದ ಒಂದು ಜೀವಕ್ಕೆ 'ಸುಳಿದದ್ದು ಬೇರೆ, ನೀವು ಒಪ್ಪಿದ್ದು ಬೇರೆ' ಎಂದು ಧೈರ್ಯವಾಗಿ ಹೇಳಬೇಕಾದರೆ ಆ ವ್ಯತ್ಯಾಸ ನಿಮಗೇ ಸ್ಪಷ್ಟವಾಗಿರಬೇಕು. ಬರೀ ಕರುಣೆಯಿಂದ ಹೇಳಿದರೆ ಅವರು ನಂಬುವುದಿಲ್ಲ, ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಓದುವಾಗ ಖಂಡನೆಯನ್ನು ಮೊದಲು ಓದಬೇಡಿ. ಸಂಶಯವಾದಿ ಹ್ಯೂಮ್ ಆಗಲಿ ನೀಚೆ ಆಗಲಿ, ಅವರದೇ ಬರಹ ಓದಿ, ಅವರೇ ಒಪ್ಪುವ ಹಾಗೆ ಅವರ ವಾದವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ, ಉತ್ತರ ಆಮೇಲೆ. ತರ್ಕಶಾಸ್ತ್ರದ ತರಗತಿಯನ್ನು ಹಗುರವಾಗಿ ನೋಡಬೇಡಿ. ಇರವಿನ ತತ್ವವನ್ನು ಕುರಿತ ಪಾಠ, ಅಂದರೆ ಮೆಟಾಫಿಸಿಕ್ಸ್, ಮೊದಲಿಗೆ ಯಾರಿಗೂ ಅರ್ಥವಾಗುವುದಿಲ್ಲ, ಅದಕ್ಕೆ ಕುಗ್ಗಬೇಡಿ. ಮುಂದೆ ಪೋಪ್ ಎರಡನೇ ಜಾನ್ ಪಾಲ್ ಆದ ಕರೋಲ್ ವೊಯ್ತಿವಾ, ನಾಜಿಗಳ ಹಿಡಿತದಲ್ಲಿದ್ದ ಕ್ರಾಕೋವ್‌ನಲ್ಲಿ 1942ರಿಂದ ಗುಟ್ಟಾಗಿ ಗುರುಶಿಕ್ಷಣ ಪಡೆಯುತ್ತ, ರಾಸಾಯನಿಕ ಕಾರ್ಖಾನೆಯ ಕೆಲಸದ ನಡುವೆ ಇದೇ ವಿಷಯದ ಪುಸ್ತಕದೊಂದಿಗೆ ಹೆಣಗಿದವರು. ಅವರಿಗೂ ಅದು ಬಿಡಿಸಿಕೊಳ್ಳಲು ತಿಂಗಳುಗಳೇ ಬೇಕಾದವು. ನಂಬಿಕೆ ಮತ್ತು ವಿವೇಕ ಎರಡು ರೆಕ್ಕೆಗಳ ಹಾಗೆ ಎಂದು 1998ರಲ್ಲಿ ಬರೆದವರು ಅವರೇ.

ಪ್ರಾರ್ಥನೆ ಬತ್ತಿದ ದಿನವೂ ಪ್ರಾರ್ಥನಾಲಯಕ್ಕೆ ಹೋಗಿ ಕೂರಿ. ನನ್ನ ಹಾಗೆ ಮೂರು ತಿಂಗಳು ಬಾಯಿ ಮುಚ್ಚಿಕೊಂಡು ಇರಬೇಡಿ, ಮೊದಲ ವಾರವೇ ನಿಮ್ಮ ನಿರ್ದೇಶಕರಿಗೆ ಹೇಳಿ.

ತರಗತಿಗೆ ಇನ್ನೂ ಒಂದು ತಿಂಗಳಿದೆಯಲ್ಲ, ಸಾಕ್ರಟಿಸ್ ನ್ಯಾಯಾಲಯದಲ್ಲಿ ಆಡಿದ ಮಾತುಗಳೆಂದು ಪ್ಲೇಟೊ ಬರೆದದ್ದನ್ನು ಓದಿ. ಚಿಕ್ಕದು, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಆಮೇಲೆ ಅಕ್ವಿನಾಸರ ಆ ಎರಡು ಆಕ್ಷೇಪಗಳನ್ನು ಒಂದು ಹಾಳೆಯಲ್ಲಿ ಬರೆದು, ಕೆಳಗೆ ನಿಮ್ಮ ಉತ್ತರ ಬರೆದಿಟ್ಟುಕೊಳ್ಳಿ. ಎರಡು ವರ್ಷ ಕಳೆದ ಮೇಲೆ ಆ ಹಾಳೆ ತೆಗೆದು ನೋಡಿ.